ಐಸ್ ತೊಟ್ಟಿಯಲ್ಲಿ ನನ್ನ ತಮ್ಮ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು, ಪಂಪ್ ಆಫ್ ಮಾಡಿದೆನೋ ಇಲ್ಲವೋ ಅಂತ ನೋಡಿಬರುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಮಾರಾಯ್ತಿ, ಕೂತ್ಕೋ," ಅಂತ ನಮ್ಮ ಯಜಮಾನರು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಾರೆ. ಕೂತರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಕೇಳಿದರೆ ಗೊತ್ತಿಲ್ಲ, ಎದುರಿಗೆ ಯಾರು ಸಿಗುತ್ತಾರೋ ಅವರ ಮೇಲೆ.

ಮಾಚೇನಹಳ್ಳಿಯಲ್ಲಿ ನನ್ನದೊಂದು ಶೆಡ್ ಇದೆ. ಹಾಸ್ಟೆಲ್‌ಗಳಿಗೆ, ಕಲ್ಯಾಣ ಮಂಟಪಗಳಿಗೆ ಬಿಸಿನೀರಿನ ಬಾಯ್ಲರ್ ಮಾಡಿಕೊಡುವುದು ನಮ್ಮ ಕೆಲಸ. ಮನೆ ಶಿವಮೊಗ್ಗದ ರಾಗಿಗುಡ್ಡದ ಕಡೆ. ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಬಾಯ್ಲರ್ ಹೌಸಿನಲ್ಲಿದ್ದರು. ಡಿಪ್ಲೊಮಾ ಮುಗಿಸಿದ ಮೇಲೆ ನಾನೂ ಅದೇ ದಾರಿ ಹಿಡಿದೆ. ಹೆಂಗಸು ಬಾಯ್ಲರ್ ಮಾಡುತ್ತಾಳೆ ಅಂತ ಮೊದಮೊದಲು ನೋಡಲು ಬರುತ್ತಿದ್ದರು, ಈಗ ಬರೀ ತಗಾದೆ ಮಾಡಲು ಬರುತ್ತಾರೆ.

ನನ್ನ ತಮ್ಮ ಡೈವರ್. ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅಣೆಕಟ್ಟಿನ ಗೇಟು ಕಚ್ಚಿಕೊಂಡರೆ, ಕೆಳಗಿನ ಜಾಲರಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ, ನೀರಿನ ತಳಕ್ಕೆ ಇಳಿದು ಸರಿಮಾಡುವ ಕೆಲಸ. ಮೊದಲು ಭದ್ರಾ ನಾಲೆಗೆ ಬಿದ್ದ ಪಂಪ್‌ಸೆಟ್ ಎತ್ತಿಕೊಡುತ್ತಿದ್ದ. ತೋಟದವರು ಬೈಕ್ ಮೇಲೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಹೋಗುತ್ತಾ ಹೋಗುತ್ತಾ ಎಲ್ಲೋ ತರಬೇತಿ, ಎಲ್ಲೋ ಸರ್ಟಿಫಿಕೇಟು ಅಂತ ದೊಡ್ಡ ಕೆಲಸಗಳಿಗೆ ಹೋದ. ನೆಲದ ಮೇಲೆ ನಮ್ಮ ಹುಡುಗ ಸಾಧಾರಣ. ಸಾಮಾನಿನ ಚೀಟಿ ಕೊಟ್ಟರೆ ಅರ್ಧ ಮರೆತು ಬರುತ್ತಾನೆ. ನೀರಿನೊಳಗೆ ಮಾತ್ರ ಅವನಂಥವನಿಲ್ಲ ಅಂತ ಅವನ ಜೊತೆಯವರೇ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಹೋದ ವರ್ಷ ಹಿಮಾಚಲದ ಕಡೆಯ ಒಂದು ಅಣೆಕಟ್ಟಿನಿಂದ ಬಂದವನು ಸೀದಾ ನನ್ನ ಶೆಡ್‌ಗೆ ಬಂದ. ನಾನು ಒಂದು ಕಲ್ಯಾಣ ಮಂಟಪದವರ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಮುಗಿಯುವವರೆಗೆ ಸ್ಟೂಲ್ ಮೇಲೆ ಕೂತಿದ್ದು, "ಅಕ್ಕ, ನೀನು ಸಾವಿರ ಜನಕ್ಕೆ ಬಿಸಿನೀರು ಕಾಯಿಸ್ತೀಯ. ಒಬ್ಬನಿಗೆ ಕಾಯ್ಸಿ ಕೊಡ್ತೀಯಾ?" ಅಂದ.

ಆಗ ಅವನು ವಿವರಿಸಿದ್ದು ಹೀಗೆ. ಅಲ್ಲಿಯ ನೀರು ಹಿಮ ಕರಗಿದ್ದು, ಫ್ರಿಜ್‌ನಲ್ಲಿಟ್ಟ ನೀರಿನಷ್ಟು ತಣ್ಣಗೆ. ಎಷ್ಟು ದಪ್ಪದ ರಬ್ಬರ್ ಸೂಟು ಹಾಕಿದರೂ ಗಂಟೆಗಟ್ಟಲೆ ತಡೆಯುವುದಿಲ್ಲ. ಅದಕ್ಕೆ ಮೇಲೆ, ಅಣೆಕಟ್ಟಿನ ಗೋಡೆಯ ಮೇಲೆ, ಒಂದು ಮಷೀನು ಇಟ್ಟು ನೀರು ಕಾಯಿಸಿ, ಕೊಳವೆಯಲ್ಲಿ ಕೆಳಗೆ ತಳ್ಳುತ್ತಾರೆ. ಸೂಟಿನೊಳಗೆ ಸಣ್ಣ ಸಣ್ಣ ನಳಿಗೆಗಳಿವೆ. ಬಿಸಿನೀರು ಎದೆಗೆ, ಬೆನ್ನಿಗೆ, ಕೈಕಾಲಿಗೆ ಹರಿದು, ಮಣಿಕಟ್ಟು ಕಣಕಾಲುಗಳ ಹತ್ತಿರ ಹೊರಗೆ ಹೋಗುತ್ತದೆ. ಆ ಕೊಳವೆಯ ಜೊತೆಗೇ ಉಸಿರಾಟದ ಗ್ಯಾಸಿನ ಕೊಳವೆ, ಮಾತಾಡಲು ಫೋನಿನ ವೈರು. ಎಲ್ಲ ಸೇರಿಸಿ ಕಟ್ಟಿದ ಆ ಉದ್ದನೆಯದಕ್ಕೆ ಇಂಗ್ಲಿಷಿನವರು ಹೊಕ್ಕುಳಬಳ್ಳಿ ಅಂತಲೇ ಹೆಸರಿಟ್ಟಿದ್ದಾರಂತೆ. ನಮ್ಮ ಶೆಡ್‌ನಲ್ಲಿ ನಾವು ಹಗ್ಗ ಅನ್ನುತ್ತಿದ್ದೆವು.

"ಗ್ಯಾಸ್ ಯಾಕೆ, ಗಾಳಿ ಸಾಲದಾ?" ಅಂದೆ.

"ಅಷ್ಟು ಆಳದಲ್ಲಿ ಬರೀ ಗಾಳಿ ತಗೊಂಡ್ರೆ ಕುಡಿದೋರ ಥರ ಆಗುತ್ತೆ ಅಕ್ಕ. ನಟ್ಟು ಬಿಚ್ಚೋ ಬದಲು ನಗ್ತಾ ಕೂತಿರ್ತೀನಿ. ಅದಕ್ಕೆ ಹೀಲಿಯಂ ಸೇರಿಸ್ತಾರೆ. ಆ ಗ್ಯಾಸೂ ಕೆಳಗೆ ನೀರಷ್ಟೇ ತಣ್ಣಗಿರುತ್ತೆ, ಒಂದೊಂದು ಉಸಿರಿಗೂ ಒಳಗಿನ ಶಾಖ ಎಳ್ಕೊಂಡು ಹೋಗುತ್ತೆ."

ಮೇಲೆ ಗ್ಯಾಸಿನ ಪ್ಯಾನಲ್ ಮುಂದೆ ಒಬ್ಬ ಕೂತಿರುತ್ತಾನೆ. ಒಂದು ಕಡೆಯಿಂದ ಬರುವ ಗ್ಯಾಸು ನಿಂತರೆ ಇನ್ನೊಂದು ಸಾಲಿನ ಸಿಲಿಂಡರಿಗೆ ತಿರುಗಿಸುವುದು ಅವನ ಕೆಲಸ. ಅದೂ ಕೈಕೊಟ್ಟರೆ ಡೈವರ್ ಬೆನ್ನ ಮೇಲೆ ಸಣ್ಣದೊಂದು ಸಿಲಿಂಡರ್, ಕೆಲವು ನಿಮಿಷಕ್ಕಾಗುವಷ್ಟು. ಆದರೆ ಆ ಕೆಲವು ನಿಮಿಷದಲ್ಲಿ ಮೇಲೆ ಬಂದುಬಿಡುವ ಹಾಗಿಲ್ಲ. ಅಷ್ಟು ಕೆಳಗೆ ಹೋದವನು ಮಧ್ಯೆ ಮಧ್ಯೆ ನಿಂತು, ಮೈಯಲ್ಲಿ ಸೇರಿದ ಗ್ಯಾಸು ಬಿಟ್ಟುಹೋಗುವವರೆಗೆ ಕಾದು, ಹಂತಹಂತವಾಗಿ ಬರಬೇಕು. ಕೆಲಸ ಅರ್ಧ ಗಂಟೆಯಾದರೆ ಬರುವುದು ಎರಡು ಗಂಟೆ. ಕೆಲಸ ಮಾಡುವಾಗ ಮೈ ಸ್ವಲ್ಪ ಬಿಸಿಯಾಗಿರುತ್ತದೆ. ಸುಮ್ಮನೆ ನೇತಾಡಿಕೊಂಡು ನಿಂತಿರುತ್ತೀಯಲ್ಲ, ಚಳಿ ಅಂದರೆ ಅದು, ಅಂದ. ಕೇಳಿಯೇ ನನಗೆ ಎದ್ದು ಓಡಾಡಬೇಕು ಅನ್ನಿಸಿತು. ಎರಡು ಗಂಟೆ ಒಂದು ಕಡೆ ಕದಲದೆ ನಿಲ್ಲುವುದು! ನಾನಾಗಿದ್ದರೆ ಗ್ಯಾಸಿನ ಗೋಜಿಲ್ಲದೆ ಅಲ್ಲೇ ಸಾಯುತ್ತಿದ್ದೆ.

ಆ ಸಲ ಅವನು ಮೇಲೆ ಬರುವಾಗಲೇ ಅವರ ಹಳೆಯ ಮಷೀನು ಕೆಟ್ಟುಹೋಗಿತ್ತಂತೆ. ಮುಕ್ಕಾಲು ಗಂಟೆ ಬಿಸಿನೀರಿಲ್ಲದೆ ನಿಂತಿದ್ದ. "ಏನಾಯ್ತು ಆಮೇಲೆ?" ಅಂದರೆ, "ಏನಾಗುತ್ತೆ, ಬಂದೆ. ಬಂದಿದೀನಲ್ಲ ಎದುರಿಗೆ," ಅಂತ ನಕ್ಕ. ಅಲ್ಲಿಗೆ ನಾನು ಆ ಮಾತು ಬಿಟ್ಟುಬಿಟ್ಟೆ. ಬಿಡಬಾರದಿತ್ತು.

ಅವರ ಸೂಪರ್‌ವೈಸರ್ ಫೋನ್ ಮಾಡಿ ಒಪ್ಪಿಕೊಂಡರು. ಕೊಚ್ಚಿ ಕಡೆಯವರು, ಹಿಂದೆ ನೌಕಾಪಡೆಯಲ್ಲಿದ್ದವರು, ಪ್ರತಿ ಮಾತನ್ನೂ ತೂಗಿ ಆಡುವ ಮನುಷ್ಯ. ಮಷೀನು ತಯಾರಾದ ಮೇಲೆ ಒಂದು ಪರೀಕ್ಷೆಯ ಕಾಗದ ತುಂಬಿ ಸಹಿ ಮಾಡಿ ಕಳಿಸಬೇಕು, ಡೈವರ್ ಹೇಗಿದ್ದ ಅಂತ ಅದರಲ್ಲಿ ಬರೆಯಬೇಕು ಅಂದರು. ನಾನು ಆಗಲಿ ಅಂದೆ.

ಎರಡು ತಿಂಗಳು ಅದರ ಹಿಂದೆ ಬಿದ್ದೆವು, ನಾನೂ ನಮ್ಮ ಮೇಸ್ತ್ರಿಯೂ. ಮೇಸ್ತ್ರಿ ಅಪ್ಪನ ಜೊತೆ ಕೆಲಸ ಮಾಡಿದವರು, ತಮಿಳಿನವರು, ಭದ್ರಾವತಿಯಲ್ಲೇ ತಲೆ ನೆರೆತವರು. ನಾನು ಕೂಗಾಡಿದಷ್ಟೂ ಅವರು ನಿಧಾನ ಮಾಡುತ್ತಾರೆ. ಡೀಸೆಲ್ ಬರ್ನರ್, ತಾಮ್ರದ ಸುರುಳಿ, ಒಂದು ಪಂಪು ನಿಂತರೆ ತಕ್ಷಣ ಹಿಡಿದುಕೊಳ್ಳುವ ಇನ್ನೊಂದು ಪಂಪು. ನೀರು ನಿಂತಲ್ಲೇ ನಿಂತು ಕುದಿದು, ಮತ್ತೆ ಪಂಪು ಓಡಿದಾಗ ಆ ಕುದಿನೀರು ಕೆಳಗಿನವನ ಮೈಮೇಲೆ ಹೋಗಬಾರದಲ್ಲ, ಅದಕ್ಕೊಂದು ವಾಲ್ವು. ಹೆಲ್ಮೆಟ್ಟಿಗೆ ಗ್ಯಾಸು ಹೋಗುವ ಬಾಯಿಯ ಸುತ್ತ ಬಿಸಿನೀರು ಹರಿಯುವ ಹಾಗೆ ಸಣ್ಣದೊಂದು ಕವಚ. ಅದು ಮೇಸ್ತ್ರಿಯ ತಲೆ, ನನ್ನದಲ್ಲ.

ಪರೀಕ್ಷೆ ಮಾಡಬೇಕಲ್ಲ. ಶಿವಮೊಗ್ಗದಲ್ಲಿ ಹಿಮದ ನೀರು ಎಲ್ಲಿಂದ ತರುವುದು? ಶೆಡ್ ಹಿಂದೆ ಬಾಯ್ಲರ್ ಸೋರುತ್ತದೋ ನೋಡಲು ಕಟ್ಟಿಸಿದ ಸಿಮೆಂಟ್ ತೊಟ್ಟಿ ಇತ್ತು, ಆಳೆತ್ತರದ್ದು. ಮೀನು ಮಾರ್ಕೆಟ್ಟಿಗೆ ಐಸ್ ಹಾಕುವವನಿಗೆ ಹೇಳಿ ಒಂದು ಟೆಂಪೊ ಐಸ್ ತರಿಸಿದೆ. ಮೀನು ಮುಟ್ಟದ ಮನೆಯವರು ನಾವು. ಟೆಂಪೊ ಬಾಗಿಲು ತೆಗೆದಾಗ ಬಂದ ವಾಸನೆಗೆ ತಮ್ಮ ಮೂಗು ಮುಚ್ಚಿಕೊಂಡು, "ಅಮ್ಮ ಇದ್ದಿದ್ರೆ ಇಬ್ಬರನ್ನೂ ಹೊಸಿಲು ದಾಟಿಸ್ತಿರಲಿಲ್ಲ," ಅಂದ. "ಹೆಲ್ಮೆಟ್ ಹಾಕ್ಕೊಂಡ್ಮೇಲೆ ವಾಸನೆ ಎಲ್ಲಿ ಬರುತ್ತೆ, ಇಳಿ," ಅಂದೆ. ಐಸಿನ ದಿಮ್ಮಿಗಳನ್ನು ಒಡೆದು ನೀರು ತುಂಬಿದ ತೊಟ್ಟಿಗೆ ಸುರಿದು, ಇಡೀ ಹಗ್ಗವನ್ನು ಸುರುಳಿ ಸುತ್ತಿ ಅದರೊಳಗೆ ಮುಳುಗಿಸಿ, ನಡುವೆ ಅವನನ್ನು ಕೂರಿಸಿದೆವು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕ್ವಾರ್ಟರ್ಸ್‌ನಲ್ಲಿ ನಮ್ಮ ಬಚ್ಚಲೊಲೆಯ ಬಾಯಿ ಹೊರಗಿತ್ತು. ಹೊರಗೆ ಕೂತು ಒಬ್ಬರು ಮರದಪುಡಿ ಹಾಕಿ ಉರಿಸುತ್ತಿದ್ದರು, ಒಳಗಿನಿಂದ ಸ್ನಾನಕ್ಕೆ ಇಳಿದವರು ಕೂಗುತ್ತಿದ್ದರು: ಇನ್ನಷ್ಟು ಹಾಕು, ಸಾಕು, ಕಡಿಮೆ ಮಾಡು. ಬೆಂಕಿ ಹಾಕುವ ಕೆಲಸ ಯಾವಾಗಲೂ ನನ್ನದೇ. ಎಣ್ಣೆ ಹಚ್ಚಿಕೊಂಡ ದಿನವಂತೂ ಮೈ ಕೆಂಪಗಾಗುವಷ್ಟು ಬಿಸಿ ಇಲ್ಲದಿದ್ದರೆ ನಮ್ಮಲ್ಲಿ ಅದು ಸ್ನಾನವೇ ಅಲ್ಲ. ತಮ್ಮ ಆರು ವರ್ಷದವನಿದ್ದಾಗಲೇ "ಇನ್ನಷ್ಟು" ಅಂತ ಕೂಗುತ್ತಿದ್ದ, ಬಿಸಿ ತಡೆಯದೆ ಓಡಿಬಂದರೆ ಎಲ್ಲರೂ ನಗುತ್ತಾರೆ ಅಂತ. ನಮ್ಮನೆಯಲ್ಲಿ ಯಾರೂ ಯಾವತ್ತೂ ನೀರಿಗೆ ಥರ್ಮಾಮೀಟರ್ ಇಟ್ಟವರಲ್ಲ.

ಸೂಟಿನ ಹತ್ತಿರ ಹಾಕಬೇಕಾದ ಶಾಖದ ಮೀಟರು ನಾನು ತರಿಸಿದ್ದೆ, ಬಂದಿರಲಿಲ್ಲ. ಇನ್ನೂ ನಾಲ್ಕು ದಿನ ಆಗುತ್ತದೆ ಅಂದರು. "ಬರಲಿ ಅಮ್ಮಾ, ಆಮೇಲೆ ಪರೀಕ್ಷೆ ಮಾಡೋಣ," ಅಂತ ಮೇಸ್ತ್ರಿ ಹೇಳಿದರು. ನಾಲ್ಕು ದಿನ! ಐಸ್ ತರಿಸಿಯಾಗಿದೆ, ಕರಗುತ್ತಿದೆ, ಅವನು ಮುಂದಿನ ವಾರ ಹೊರಡಬೇಕು. ಮಷೀನಿನ ಬಾಯಲ್ಲಿ ಒಂದು ಮೀಟರ್ ಇದೆ, ಕೆಳಗೆ ಇವನೇ ಇದ್ದಾನೆ, ಬಾಯಿದೆ, ಹೇಳುತ್ತಾನೆ ಅಂದೆ. ಬಚ್ಚಲೊಲೆಯ ಲೆಕ್ಕವೇ. ಫೋನಿನ ಪೆಟ್ಟಿಗೆಯಲ್ಲಿ ಅವನು "ಇನ್ನಷ್ಟು" ಅಂದ, ನಾನು ಹೆಚ್ಚು ಮಾಡಿದೆ. "ಬಲಗೈಗೆ ಬರ್ತಾ ಇಲ್ಲ, ಇನ್ನಷ್ಟು," ಅಂದ. ಇನ್ನೂ ಹೆಚ್ಚು ಮಾಡಿದೆ. ಮೇಸ್ತ್ರಿ ನನ್ನ ಮುಖ ನೋಡಿದರು. ಒಂದೂವರೆ ಗಂಟೆಯಾದ ಮೇಲೆ "ಈಗ ಪರವಾಗಿಲ್ಲ, ಚೆನ್ನಾಗಿದೆ," ಅಂದ. ನಾನು ಹಿಗ್ಗಿ ಚಹಾಕ್ಕೆ ಹೇಳಿಕಳಿಸಿದೆ.

ಹೊರಗೆ ಬಂದ. ಹೆಲ್ಮೆಟ್ ತೆಗೆದು, ಮುಖ ಒರೆಸಿಕೊಂಡು, "ಅಕ್ಕ, ಇಂಥ ಮಷೀನು ಅವರ ಹತ್ರ ಇಲ್ಲ, ಬರೆದುಕೊಡ್ತೀನಿ," ಅಂದ. ಮೇಸ್ತ್ರಿ ಸೂಟಿನ ಎಡತೋಳು ಎಳೆದರು. ಮಣಿಕಟ್ಟಿನಿಂದ ಮೊಣಕೈವರೆಗೂ ಚರ್ಮ ಕೆಂಪಾಗಿ, ಎರಡು ಕಡೆ ಬೊಬ್ಬೆ ಎದ್ದಿತ್ತು. ಒಂದು ಬೊಬ್ಬೆ ತೋಳಿನ ಜೊತೆಗೇ ಕಿತ್ತುಕೊಂಡು ಬಂತು. ಅವನು ಇನ್ನೂ ನಗುತ್ತಾ ಚಹಾದ ಲೋಟಕ್ಕೆ ಬಲಗೈ ಚಾಚಿದ್ದ. ನಾವಿಬ್ಬರೂ ಎಲ್ಲಿ ನೋಡುತ್ತಿದ್ದೇವೆ ಅಂತ ಗೊತ್ತಾಗಿ ಆಮೇಲೆ ಅವನೂ ಕೆಳಗೆ ನೋಡಿದ.

"ನೋವಾಗ್ಲಿಲ್ವೇನೋ?" ಅಂತ ಚೀರಿದೆ.

ಅವನು ಆ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

ಆಮೇಲೆ ಸೂಟು ಬಿಚ್ಚಿ ನೋಡಿದಾಗ ಗೊತ್ತಾಯಿತು. ಬಲತೋಳಿನ ನಳಿಗೆಗೆ ಜೋಡಿಸುವಲ್ಲಿ ನಾನೇ ಸುತ್ತಿದ್ದ ಟೇಪಿನ ಚೂರೊಂದು ಒಳಗೆ ಸಿಕ್ಕಿ ನೀರು ತಡೆದಿತ್ತು. ಬಲಗೈಗೆ ಚಳಿಯಾಯಿತು, ಅವನು ಇನ್ನಷ್ಟು ಕೇಳಿದ, ಆ ಬಿಸಿಯೆಲ್ಲ ಎಡಕ್ಕೆ ಹೋಯಿತು. ಎಡಗೈಗೆ ಏನೂ ತಿಳಿಯಲಿಲ್ಲ. ಹಿಮಾಚಲದಿಂದ ಬಂದಾಗಿನಿಂದಲೂ ಆ ಕೈಗೆ ಏನೂ ತಿಳಿಯುತ್ತಿರಲಿಲ್ಲ. ಆ ಮುಕ್ಕಾಲು ಗಂಟೆ ಅದನ್ನು ತಿಂದುಹಾಕಿತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ.

ಅವನ ಹೆಂಡತಿ, ಆಯನೂರಿನ ಹುಡುಗಿ, ತಿಂಗಳ ಹಿಂದೆ ನನಗೆ ಹೇಳಿದ್ದಳು: "ಅಕ್ಕಾ, ಇವರು ಒಲೆ ಮೇಲಿಂದ ಪಾತ್ರೆನ ಬರಿಗೈಲೇ ಇಳಿಸ್ತಾರೆ ನೋಡಿ, ಇಕ್ಕಳ ಬೇಡ್ವಂತೆ." ಅವಳು ಹೆಮ್ಮೆಯಿಂದ ಹೇಳಿದ್ದಳು, ನಾನೂ ಹೆಮ್ಮೆಯಿಂದಲೇ ಕೇಳಿದ್ದೆ. ನಮ್ಮಂಥ ದಡ್ಡರು ಇನ್ನೆಲ್ಲಿ ಸಿಗುತ್ತಾರೆ.

ಭದ್ರಾವತಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಸುಟ್ಟದ್ದು ವಾಸಿಯಾಗುತ್ತದೆ ಅಂದರು. ಸೂಜಿಯಿಂದ ಬೆರಳಿನ ತುದಿಯಿಂದ ಚುಚ್ಚುತ್ತಾ ಬಂದರು. ಇವನು ಗೋಡೆ ಕಡೆ ಮುಖಮಾಡಿ "ಇಲ್ಲ, ಇಲ್ಲ, ಇಲ್ಲ" ಅನ್ನುತ್ತಾ ಹೋದ. ಮೊಣಕೈ ಹತ್ತಿರ ಬಂದಾಗ "ಹ್ಞಾ" ಅಂದ. ನರಕ್ಕೆ ಚಳಿ ಹೊಡೆದಿದೆ, ಸ್ವಲ್ಪ ಬರಬಹುದು, ಬರದೆಯೂ ಇರಬಹುದು, ಇನ್ನೊಮ್ಮೆ ಅಂಥ ಚಳಿಗೆ ಹೋದರೆ ಕೈಯ ಆಸೆ ಬಿಡಿ ಅಂದರು. ಕೈಯ ಮಾತು ಹಾಗಿರಲಿ, ಅಷ್ಟು ಕೆಳಗೆ ಗ್ಯಾಸಿನ ವಾಲ್ವು ತಿರುಗಿಸಬೇಕಾದ ಕೈ ಅದು. ಬೆನ್ನ ಮೇಲಿನ ಸಿಲಿಂಡರಿಗೆ ಬದಲಾಯಿಸಬೇಕಾಗಿ ಬಂದರೆ ಕತ್ತಲಲ್ಲಿ ಬೆರಳಿನಿಂದಲೇ ಹುಡುಕಬೇಕು. ಹಿಡಿದಿದ್ದೇನೋ ಬಿಟ್ಟಿದ್ದೇನೋ ಅಂತ ತಿಳಿಯದ ಕೈಯಲ್ಲಿ.

ಆಸ್ಪತ್ರೆಯ ಮುಂದೆ ನನ್ನ ಸ್ಕೂಟರ್ ಹತ್ತಿರ ನಿಂತು ಅವನು ಹೇಳಿದ: "ಅಕ್ಕ, ಹೇಳಬೇಡ ಅವ್ರಿಗೆ. ಈ ಒಂದು ಸಲ. ಬಲಗೈ ಚೆನ್ನಾಗಿದೆಯಲ್ಲ. ಆಮೇಲೆ ನಾನೇ ಬಿಡ್ತೀನಿ."

"ಆಮೇಲೆ ಬಿಡೋದಾದ್ರೆ ಈಗಲೇ ಬಿಡು."

"ಬಿಟ್ಟು ಏನ್ ಮಾಡ್ಲಿ? ನಿನ್ನ ಶೆಡ್‌ನಲ್ಲಿ ನಟ್ಟು ಎಣಿಸ್ಲಾ?" ಅಂದ. ಆಮೇಲೆ ಮೆತ್ತಗೆ ಹೇಳಿದ: "ಇಲ್ಲಿ ಮೇಲೆ ನಾನು ಏನೂ ಅಲ್ಲ ಅಕ್ಕ. ನಿನಗೂ ಗೊತ್ತು."

ಅದು ಸುಳ್ಳಾಗಿದ್ದರೆ ಬೈದು ಬಾಯಿ ಮುಚ್ಚಿಸುತ್ತಿದ್ದೆ. ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಅವನನ್ನು ಎತ್ತಿ ಆಡಿಸಿದವಳು ನಾನು. ಸ್ಕೂಲಲ್ಲಿ, ಊರಲ್ಲಿ, ನೆಂಟರ ಮದುವೆಗಳಲ್ಲಿ ಮೂಲೆ ಹಿಡಿದು ನಿಲ್ಲುತ್ತಿದ್ದ ಹುಡುಗ, ನೀರಿಗಿಳಿದ ಮೇಲೆ ತಲೆ ಎತ್ತಿ ನಡೆಯುವುದನ್ನು ಕಲಿತಿದ್ದ.

ಆ ಮೂರು ದಿನ ನಾನು ಎಷ್ಟು ಸಲ ಶಿವಮೊಗ್ಗ ಭದ್ರಾವತಿ ನಡುವೆ ಓಡಾಡಿದೆನೋ ಲೆಕ್ಕವಿಲ್ಲ. ಬೆಳಿಗ್ಗೆ ಶೆಡ್‌ಗೆ ಹೋದರೆ ಮಷೀನು ಕಣ್ಣೆದುರಿಗೆ. ಅದನ್ನು ನೋಡಲಾಗದೆ ಸ್ಕೂಟರ್ ಹತ್ತಿ ಭದ್ರಾವತಿಗೆ, ಅವನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಅವನ ಹೆಂಡತಿ ಕೈಗೆ ಮುಲಾಮು ಹಚ್ಚುತ್ತಿರುತ್ತಿದ್ದಳು. ಬಿಸಿನೀರು ಚೆಲ್ಲಿತು ಅಂತ ಮಾತ್ರ ಅವಳಿಗೆ ಹೇಳಿದ್ದ. ಅವಳು "ಕಾಫಿ ಕುಡೀರಿ ಅಕ್ಕಾ" ಅಂದರೆ ಲೋಟ ಹಿಡಿದು ನಿಂತೇ ಕುಡಿದು ವಾಪಸ್ ಹೊರಡುತ್ತಿದ್ದೆ. ಅವಳ ಮುಖ ನೋಡಿದರೆ ನನ್ನ ಬಾಯಲ್ಲಿ ಬಂದುಬಿಡುತ್ತದೆ ಅಂತ ಭಯ. ಸೇತುವೆ ದಾಟುವಾಗ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ, ಮಾಚೇನಹಳ್ಳಿ ಬರುವಷ್ಟರಲ್ಲಿ ಬೇಡ ಅಂದುಕೊಳ್ಳುತ್ತಿದ್ದೆ. ಯಜಮಾನರ ಮೇಲೆ ಸಾರಿಗೆ ಉಪ್ಪು ಕಡಿಮೆ ಅಂದದ್ದಕ್ಕೆ ಎಗರಾಡಿದೆ. ಮನೆಯಲ್ಲಿದ್ದ ಎಲ್ಲ ನಲ್ಲಿಗಳ ವಾಷರ್ ಬದಲಾಯಿಸಿದೆ, ಒಂದೂ ಸೋರುತ್ತಿರಲಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಚಿಂತೆ ಪೂರ್ತಿ ಅವನ ಮೇಲಿನದಾಗಿರಲಿಲ್ಲ. ಅಲ್ಲಿ ಏನಾದರೂ ಆದರೆ ಮಾಚೇನಹಳ್ಳಿಯ ಆ ಹೆಂಗಸಿನ ಮಷೀನಿನಿಂದಾಯಿತು ಅನ್ನುತ್ತಾರಲ್ಲ ಅನ್ನುವ ಭಯವೂ ಇತ್ತು. ಮೀಟರ್ ಬರುವವರೆಗೆ ಕಾಯಿರಿ ಅಂದ ಮೇಸ್ತ್ರಿಯ ಮಾತು ಕೇಳದೆ ತಮ್ಮನ ಕೈ ಬೇಯಿಸಿದವಳು ನಾನೇ ಅನ್ನುವ ನಾಚಿಕೆಯೂ ಇತ್ತು. ಯಾವುದು ಎಷ್ಟು ಅಂತ ಇವತ್ತಿಗೂ ಬಿಡಿಸಿ ಹೇಳಲಾರೆ.

ಮೀಟರ್ ಬಂತು, ಹಾಕಿದೆವು. ನಳಿಗೆ ಸರಿಮಾಡಿದೆವು. ಇನ್ನೊಂದು ಟೆಂಪೊ ಐಸ್ ತರಿಸಿ, ಮೇಸ್ತ್ರಿಯ ಅಳಿಯನನ್ನು ಕೂರಿಸಿ ಮತ್ತೆ ನೋಡಿದೆವು. ಮಷೀನಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಹೊರಡುವ ದಿನ ಮಧ್ಯಾಹ್ನ ಲಾರಿ ಬಂದು ಶೆಡ್ ಮುಂದೆ ನಿಂತಿತು. ತಮ್ಮ ತನ್ನ ಬ್ಯಾಗು, ಹೆಲ್ಮೆಟ್ಟಿನ ಪೆಟ್ಟಿಗೆ ಎಲ್ಲ ತಂದಿದ್ದ. ತುಂಬು ತೋಳಿನ ಅಂಗಿ ಹಾಕಿದ್ದ. ಮೇಸ್ತ್ರಿ ಪರೀಕ್ಷೆಯ ಕಾಗದ ತಂದು ನನ್ನ ಮುಂದೆ ಇಟ್ಟರು. ಪಂಪು, ಶಾಖ, ಕೊಳವೆ, ಎಲ್ಲ ತುಂಬಿದೆ. ಡೈವರ್ ಹೇಗಿದ್ದ ಅನ್ನುವ ಕಡೆ ಪೆನ್ನು ನಿಂತಿತು.

ತಮ್ಮ ಬಂದು ಪಕ್ಕದಲ್ಲಿ ನಿಂತು, "ಬರಿ ಅಕ್ಕ," ಅಂದ.

ಅಲ್ಲಿಯೇ, ಅವನ ಎದುರಿಗೇ, ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ನನ್ನ ಹಿಂದಿ ಮೊದಲೇ ಅಷ್ಟಕ್ಕಷ್ಟೆ, ಆವತ್ತು ನಾಲಿಗೆಯೂ ಹೊರಳಲಿಲ್ಲ. ಮಷೀನು ಚೆನ್ನಾಗಿದೆ, ಬರುತ್ತಿದೆ ಅಂದೆ. ನನ್ನ ತಮ್ಮನ ಎಡಗೈಗೆ ಸ್ಪರ್ಶ ಇಲ್ಲ, ಡಾಕ್ಟರ್ ನೋಡಿದ್ದಾರೆ, ಅವನನ್ನು ನೀರಿಗೆ ಇಳಿಸಬೇಡಿ ಅಂದೆ. ಅವರು ಎಷ್ಟು ದಿನದಿಂದ ಅಂತ ಕೇಳಿದರು. ಹೇಳಿದೆ. "ಒಳ್ಳೆಯದು ಮಾಡಿದಿರಿ," ಅಂದರು. ಒಳ್ಳೆಯದು ಮಾಡಿದವಳ ಹಾಗೆ ನನಗೇನೂ ಅನ್ನಿಸಲಿಲ್ಲ.

ಫೋನ್ ಇಟ್ಟ ಮೇಲೆ ತಮ್ಮ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ, ಬೈಯಲಿ ಅಂತ ಕಾದೆ. "ನೀರೊಳಗೆ ಸತ್ತಿದ್ರೂ ಇಷ್ಟು ನೋವಾಗ್ತಿರಲಿಲ್ಲ," ಅಂದ ಅಷ್ಟೆ. ಹೆಲ್ಮೆಟ್ಟಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟ. ನಾನು ರಸ್ತೆಯವರೆಗೂ ಹಿಂದೆ ಓಡಿದೆ. ಭದ್ರಾವತಿ ಬಸ್ ಬಂತು, ಹತ್ತಿದ.

ಅಣೆಕಟ್ಟಿನ ಕೆಲಸದವರು ಅವನನ್ನು ಕೈಬಿಡಲಿಲ್ಲ. ಹದಿನೈದು ದಿನದ ಮೇಲೆ ಸೂಪರ್‌ವೈಸರೇ ಅವನಿಗೆ ಫೋನ್ ಮಾಡಿ, ಮೇಲೆ ಗ್ಯಾಸ್ ಪ್ಯಾನಲ್ಲಿಗೆ ಕೂರುವವನು ಬೇಕು, ಕೆಳಗಿನ ಕಷ್ಟ ಗೊತ್ತಿರುವವನು ಬೇಕು, ಬಾ ಅಂದರಂತೆ. ಬಿಸಿನೀರಿನ ಮಷೀನೂ ಅವನ ಉಸ್ತುವಾರಿಗೇ. ಹೋದ. ನನಗೆ ಹೇಳಿ ಹೋಗಲಿಲ್ಲ, ಅವನ ಹೆಂಡತಿ ಹೇಳಿದಳು. ಈ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಾಗಿತ್ತು. "ನೀವು ಮಾಡಿದ್ದು ಸರಿ ಅಕ್ಕಾ," ಅಂದಳು. "ಆದ್ರೆ ಇವರು ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾರೆ."

ನಾಲ್ಕು ತಿಂಗಳು. ಮಷೀನು ಹೇಗೆ ಓಡುತ್ತಿದೆ ಅಂತ ಕೇಳುವ ನೆಪ ಮಾಡಿಕೊಂಡು ಮೆಸೇಜ್ ಹಾಕುತ್ತಿದ್ದೆ. ಎರಡು ನೀಲಿ ಗೆರೆ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಹಬ್ಬಕ್ಕೆ ಅವನ ಮನೆಗೆ ಹೋಳಿಗೆ ಮಾಡಿಕೊಂಡು ಹೋದೆ, ಅವನ ಫೋನ್ ಬಂದಾಗ ಅವನ ಹೆಂಡತಿ ಒಳಗೆ ಹೋಗಿ ಮಾತಾಡಿದಳು. ನಾನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಅಷ್ಟು ದೂರದಲ್ಲಿ, ಅಷ್ಟು ಚಳಿಯಲ್ಲಿ ಕೂತಿದ್ದಾನೆ, ಕೈಗೆ ಗವಸು ಹಾಕುತ್ತಾನೋ ಇಲ್ಲವೋ ಅನ್ನುವುದೇ ನನಗೆ ಯೋಚನೆ. ಕೇಳುವ ಹಾಗಿಲ್ಲ.

ಮೊನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶೆಡ್‌ನಲ್ಲಿದ್ದೆ. ಒಂದು ಹಾಸ್ಟೆಲ್‌ನ ವಾರ್ಡನ್‌ಗೆ ಬಾಯ್ಲರಿನ ಒಳಗೆ ಬಟ್ಟೆ ಒಗೆಯುವ ಸೋಪು ಹಾಕಬಾರದು ಅಂತ ಮೂರನೇ ಸಲ ವಿವರಿಸುತ್ತಿದ್ದೆ. ಫೋನ್ ಬಂತು. ಅವನ ಹೆಸರು. ಏನಾಯಿತೋ, ಯಾರಿಗೆ ಏನಾಯಿತೋ. ಹೊರಗೆ ಬಂದು ಎತ್ತಿದೆ.

"ಮಷೀನು ಚೆನ್ನಾಗಿದೆ," ಅಂದ. ಅಕ್ಕ ಅನ್ನಲಿಲ್ಲ.

"ಹ್ಞೂಂ," ಅಂದೆ.

ಗಾಳಿಯ ಸದ್ದು ಕೇಳುತ್ತಿತ್ತು, ಯಾರೋ ದೂರದಲ್ಲಿ ಕಬ್ಬಿಣ ಬಡಿಯುತ್ತಿದ್ದರು. ಆಮೇಲೆ ತಾನಾಗಿಯೇ ಹೇಳತೊಡಗಿದ. ಎರಡು ದಿನದ ಹಿಂದೆ ಕೆಳಗೆ ಒಬ್ಬ ಇದ್ದ, ಒಡಿಶಾದವನು, ಈ ಸೀಸನ್ನಿನಲ್ಲಿ ಇವನ ಜಾಗಕ್ಕೆ ಬಂದವನು. ಕಚ್ಚಿಕೊಂಡ ಗೇಟನ್ನು ಎತ್ತಲು ಕೊಕ್ಕೆ ಹಾಕುವುದಿತ್ತು, ವಾರದಿಂದ ಒದ್ದಾಡುತ್ತಿದ್ದ ಕೆಲಸ, ಕೈಗೆ ಬಂದಿತ್ತು. ಅಷ್ಟರಲ್ಲಿ ಪ್ಯಾನಲ್ ಮೇಲೆ ಗ್ಯಾಸಿನ ಮುಳ್ಳು ಇಳಿಯತೊಡಗಿತು. ಇವನು ತಕ್ಷಣ ಇನ್ನೊಂದು ಸಾಲಿಗೆ ತಿರುಗಿಸಿದ. ಆ ಸಾಲಿನಲ್ಲಿ ಬೇಕಾದಷ್ಟಿತ್ತು, ಅವನು ಕೆಲಸ ಮುಗಿಸಿ ಬರಬಹುದಿತ್ತು. ಆದರೆ ಮೊದಲನೆಯದು ಯಾಕೆ ಇಳಿಯಿತು ಅಂತ ಗೊತ್ತಾಗಿರಲಿಲ್ಲ.

"ಹತ್ತೇ ನಿಮಿಷ ಕೊಡು ಭಯ್ಯಾ, ಮುಗೀತು ಅಂತ ಬೇಡ್ಕೊಂಡ. ನಾನು ಕೊಡ್ಲಿಲ್ಲ. ಮೇಲೆ ಬಾ ಅಂದೆ. ಅವನು ಬಂದ್ಮೇಲೆ ನೋಡಿದ್ರೆ ಒಂದು ಸಣ್ಣ ವಾಲ್ವು ಸೋರ್ತಿತ್ತು, ಅಷ್ಟೆ. ಏನೂ ಆಗ್ತಿರಲಿಲ್ಲ. ಮಾರನೇ ದಿನ ನೀರು ಬಿಟ್ರು, ಕೊಕ್ಕೆ ಹಾಕಿದ್ದೆಲ್ಲ ಕಿತ್ಹೋಯ್ತು. ವಾರದ ಕೆಲಸ."

"ನೀನು ಮಾಡಿದ್ದು ಸರಿ ಕಣೋ," ಅಂದೆ.

"ಸರಿ ಅಂತ ನಂಗೂ ಗೊತ್ತು," ಅಂತ ರೇಗಿದ. "ಅವನು ನನ್ನ ಜೊತೆ ಮಾತಾಡ್ತಿಲ್ಲ. ಒಂದೇ ರೂಮಲ್ಲಿ ಇದೀವಿ. ನಾನು ಊಟಕ್ಕೆ ಕೂತ್ರೆ ತಟ್ಟೆ ತಗೊಂಡು ಎದ್ದು ಹೋಗ್ತಾನೆ. ನಾನು ಅವನ ಉಸಿರು ಕಾಯ್ತಾ ಕೂತಿರ್ತೀನಿ, ಅವನು ನನ್ನ ಮುಖ ನೋಡಲ್ಲ."

ನಾನು ಫೋನ್ ಹಿಡಿದು ತೊಟ್ಟಿಯವರೆಗೆ ನಡೆದೆ. ಒಳಗಿನಿಂದ ವಾರ್ಡನ್ ಮೇಡಂ, ಮೇಡಂ ಅಂತ ಕರೆಯುತ್ತಿದ್ದರು.

"ಎರಡೇ ದಿನ ಆಗಿದ್ದು," ಅಂದ. "ನಂಗೆ ಆಗ್ತಾ ಇಲ್ಲ. ನೀನು ನಾಲ್ಕು ತಿಂಗಳು ಹೆಂಗೆ ತಡ್ಕೊಂಡೆ ಅಕ್ಕ?"

"ಎಲ್ಲಿ ತಡ್ಕೊಂಡೆ ಮಾರಾಯ," ಅಂದೆ.